ಎರಡೂ ಬೇಕಾ, ಒಂದಾದ್ರೆ ಸಾಕಾ?

ಈ ವರ್ಷದ ಪುಸ್ತಿಕೆಗೆ ಏನಾದ್ರೂ ಬರಿ ಅಂತ ಸಂಪಾದಕ ಮಂಡಳಿಯವರು ಮೂರು ಸಲ ಮೆಸೇಜ್ ಮಾಡಿದ್ರು. ಕವನ ನನಗೆ ಬರಲ್ಲ. ಅಡುಗೆ ಬಗ್ಗೆ ಬರೆದರೆ ರೂಮ್‌ಮೇಟ್‌ಗಳು ನಗ್ತಾರೆ. ಅದಕ್ಕೇ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೀತಿದ್ದೀನಿ. ಗಣಿತದ ತಪ್ಪು. ಈ ವರ್ಷ ಹೊಸದಾಗಿ ಸಿಯಾಟಲ್‌ಗೆ ಬಂದಿರೋ ತಮ್ಮ ತಂಗಿಯರಿಗೆ ಉಪಯೋಗ ಆಗಬಹುದು.

ನನ್ನ ಮೊದಲ ಫಾಲ್ ಕ್ವಾರ್ಟರ್. ಊರಲ್ಲಿ ಪಿಯುಸಿ ಗಣಿತದಲ್ಲಿ ಒಳ್ಳೆ ಅಂಕ ಬಂದಿತ್ತು, ಹಾಗಾಗಿ ಕ್ಯಾಲ್ಕುಲಸ್‌ಗೆ ಮುಂಚಿನ ಕೋರ್ಸ್ ಅಂದ್ರೆ ಲೆಕ್ಕಕ್ಕೇ ಇಲ್ಲ ಅನ್ನೋ ಧೈರ್ಯ. ಇಲ್ಲಿಯ ಕ್ವಾರ್ಟರ್ ಹತ್ತೇ ವಾರ. ಕಣ್ಣು ಬಿಡೋದ್ರೊಳಗೆ ಮಿಡ್‌ಟರ್ಮ್ ಬಂತು. ಒಂದು ಪ್ರಶ್ನೆ ಹೀಗಿತ್ತು:

|ಯ − 3| < 2ಯ

ನಾನು ಐದು ನಿಮಿಷದಲ್ಲಿ ಉತ್ತರ ಬರೆದೆ: ಯ > −3. ಹತ್ತು ಅಂಕಕ್ಕೆ ಎರಡು ಸಿಕ್ಕಿತು. ಅದೇ ಜಾತಿಯ ಇನ್ನೊಂದು ಪ್ರಶ್ನೆಯಲ್ಲೂ ಅದೇ ಕಥೆ. ಮುಂದಿನ ಕೋರ್ಸಿಗೆ ಸೇರೋಕೆ ಇದರಲ್ಲಿ ಇಷ್ಟು ಗ್ರೇಡ್ ಬರಲೇಬೇಕು ಅಂತ ಇರುತ್ತಲ್ಲ, ಆ ಗೆರೆಯ ಕೆಳಗೆ ನಾನು ಜೋತಾಡ್ತಾ ಇದ್ದೆ. ಮನೆಗೆ ಫೋನ್ ಮಾಡಿದಾಗ ಅಮ್ಮ "ಪರೀಕ್ಷೆ ಹೇಗಾಯ್ತು?" ಅಂದ್ರೆ "ಪರವಾಗಿಲ್ಲಮ್ಮ" ಅಂದು ಮಾತು ಬದಲಾಯಿಸಿದ್ದೆ.

ನಮ್ಮ ಸಂಘದಲ್ಲೇ ಇದ್ದ ಹಾಸನದ ಕಡೆಯ ಒಬ್ಬ ಸೀನಿಯರ್ ಅಕ್ಕ ಓಡಿಗಾರ್ಡ್ ಲೈಬ್ರರಿಯಲ್ಲಿ ಉತ್ತರಪತ್ರಿಕೆ ನೋಡಿ ಒಂದೇ ಮಾತು ಕೇಳಿದ್ರು: "ಯ ಜಾಗಕ್ಕೆ ಸೊನ್ನೆ ಹಾಕಿ ನೋಡಿದ್ಯಾ?"

ಹಾಕಿ ನೋಡಿ. ಸೊನ್ನೆ −3ಕ್ಕಿಂತ ದೊಡ್ಡದು, ಆದ್ದರಿಂದ ನನ್ನ ಉತ್ತರದ ಪ್ರಕಾರ ಅದು ಸರಿಹೋಗಬೇಕು. ಎಡಗಡೆ |0 − 3| ಅಂದ್ರೆ 3. ಬಲಗಡೆ 2 × 0 ಅಂದ್ರೆ 0. ಮೂರು ಸೊನ್ನೆಗಿಂತ ಚಿಕ್ಕದಾ? ಅಲ್ಲ. ಹತ್ತು ಸೆಕೆಂಡಿನ ಕೆಲಸ ಮಾಡದೆ ಎಂಟು ಅಂಕ ಕಳ್ಕೊಂಡಿದ್ದೆ. ಆದರೆ ತಪ್ಪು ಅಂತ ಗೊತ್ತಾಗೋದು ಬೇರೆ, ಯಾಕೆ ತಪ್ಪು ಅಂತ ಗೊತ್ತಾಗೋದು ಬೇರೆ. ಅವತ್ತು ಸಂಜೆ ಅಕ್ಕ ಹೇಳಿಕೊಟ್ಟಿದ್ದನ್ನೇ ನನ್ನ ಮಾತಲ್ಲಿ ಇಲ್ಲಿ ಬರೀತೀನಿ.

ಈ 'ಯ' ಎಲ್ಲಿಂದ ಬಂತು ಅಂತ ಕೇಳಬೇಡಿ. ನಮ್ಮ ಹಳೆಯ ಬೀಜಗಣಿತದವರು ಗೊತ್ತಿಲ್ಲದ ರಾಶಿಗೆ 'ಯಾವತ್ ತಾವತ್' ಅಂತ ಹೆಸರಿಟ್ಟು, ಚಿಕ್ಕದಾಗಿ 'ಯಾ' ಅಂತ ಬರೀತಿದ್ರು. ಕನ್ನಡ ಪುಸ್ತಿಕೆ ಆದ್ದರಿಂದ ನಾನೂ ಅದನ್ನೇ ಇಟ್ಕೊಂಡೆ.

ಮಾಡ್ಯುಲಸ್ ಅಂದ್ರೆ ದೂರ

ಪಿಯುಸಿಯಲ್ಲಿ ನಾವು ಮಾಡ್ಯುಲಸ್ ಅಂತಿದ್ವಿ, ಇಲ್ಲಿ ಆಬ್ಸಲ್ಯೂಟ್ ವ್ಯಾಲ್ಯೂ ಅಂತಾರೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿರಪೇಕ್ಷ ಬೆಲೆ. ಎರಡು ಉದ್ದ ಗೆರೆಗಳ ಈ ಗುರುತನ್ನು 1841ರಲ್ಲಿ ಬಳಕೆಗೆ ತಂದವರು ಜರ್ಮನಿಯ ವೈಯರ್‌ಸ್ಟ್ರಾಸ್. ನಾನು ಅದನ್ನು "ಮೈನಸ್ ಇದ್ರೆ ತೆಗೆದುಹಾಕು" ಅಂತ ಕಲಿತಿದ್ದೆ. ಸಂಖ್ಯೆ ಇದ್ದಾಗ ಇದು ನಡೆಯುತ್ತೆ. ಒಳಗೆ 'ಯ' ಇದ್ದಾಗ ಯಾವ ಮೈನಸ್ ತೆಗೆಯೋದು? ಅದಕ್ಕಿಂತ ಒಳ್ಳೆ ಅರ್ಥ ಒಂದಿದೆ: |ಯ − 43| ಅಂದ್ರೆ ಯ ಇಂದ 43ಕ್ಕೆ ಇರುವ ದೂರ. ಬಲಕ್ಕೋ ಎಡಕ್ಕೋ ಅಂತ ದೂರಕ್ಕೆ ಬೇಕಾಗಿಲ್ಲ.

43 ಯಾಕೆ ಅಂದ್ರೆ, ನಮ್ಮ ಕ್ಯಾಂಪಸ್ ಪಕ್ಕದಲ್ಲೇ ಒಂದು ಸಂಖ್ಯಾರೇಖೆ ಇದೆ. ಎಲ್ಲರೂ ದ ಏವ್ ಅಂತ ಕರೆಯೋ ಯೂನಿವರ್ಸಿಟಿ ವೇ. ಅದು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತೆ, ಅಡ್ಡ ಬೀದಿಗಳಿಗೆಲ್ಲ ಸಂಖ್ಯೆಯೇ ಹೆಸರು: 42, 43, 45, 47, 50. ಮನೆ ನಂಬರೂ ಅದಕ್ಕೆ ತಕ್ಕಂತೆ. 4700 ಅಂದ್ರೆ 47ನೇ ಬೀದಿಯ ಮೂಲೆ. ಉತ್ತರ ಸಿಯಾಟಲ್‌ನಲ್ಲಿ 45ನೇ ಬೀದಿಯಿಂದ 65ಕ್ಕೆ, 65ರಿಂದ 85ಕ್ಕೆ ಸುಮಾರು ಒಂದೊಂದು ಮೈಲಿ. ಹಾಗಾಗಿ ಒಂದು ಅಂಕಿಗೆ ಸುಮಾರು 80 ಮೀಟರ್ ಅಂತ ಲೆಕ್ಕ ಇಟ್ಕೊಳ್ಳಿ. ಮಧ್ಯೆ ಕೆಲವು ಸಂಖ್ಯೆಗಳಿಗೆ ಬೀದಿ ಇಲ್ಲ, ಆದರೆ ಜಾಗ ಇದೆ. 2021ರ ಅಕ್ಟೋಬರ್ 2ರಂದು ಶುರುವಾದ ಯೂ ಡಿಸ್ಟ್ರಿಕ್ಟ್ ಲೈಟ್ ರೈಲ್ ಸ್ಟೇಷನ್ ಇರೋದು ದ ಏವ್‌ನ ಪಕ್ಕದ ಬ್ರೂಕ್ಲಿನ್ ಅವೆನ್ಯೂದಲ್ಲಿ, 43ನೇ ಬೀದಿ ಹತ್ತಿರ. ನಾವು ಉತ್ತರ ದಕ್ಷಿಣ ಮಾತ್ರ ಎಣಿಸೋಣ, ಸ್ಟೇಷನ್ 43 ಅಂತಲೇ ಇರಲಿ.

ಈಗ ದ ಏವ್ ಮೇಲೆ ರೂಮ್ ಹುಡುಕ್ತಾ ಇದ್ದೀರಿ. ರೂಮಿನ ಜಾಗ ಯ. ಮಳೆಗಾಲದ ಚಳಿಯಲ್ಲಿ ಸ್ಟೇಷನ್ನಿಂದ 6 ಅಂಕಿಗಿಂತ ಹೆಚ್ಚು ನಡೆಯಲ್ಲ ಅಂತ ನಿರ್ಧಾರ ಮಾಡಿದ್ದೀರಿ:

|ಯ − 43| ≤ 6

ದಕ್ಷಿಣಕ್ಕೆ 6 ಹೋದರೆ 37, ಉತ್ತರಕ್ಕೆ 6 ಹೋದರೆ 49. ಅಂದ್ರೆ 37 ≤ ಯ ≤ 49. ಸೂತ್ರ ಬೇಕಾಗಲೇ ಇಲ್ಲ.

ಋಣದ ಲೆಕ್ಕ

ದೂರದ ಜೊತೆ ಬಾಡಿಗೆಯೂ ನೋಡಬೇಕಲ್ಲ. ಲೆಕ್ಕಕ್ಕೋಸ್ಕರ ಒಂದು ಸುಳ್ಳು ಬಾಡಿಗೆ ಇಟ್ಕೊಳ್ಳೋಣ: 40ನೇ ಬೀದಿಯಲ್ಲಿ 1500 ಡಾಲರ್, ಉತ್ತರಕ್ಕೆ ಹೋದಂತೆ ಒಂದು ಅಂಕಿಗೆ 20 ಡಾಲರ್ ಕಡಿಮೆ. ನಿಮ್ಮ ಹತ್ತಿರ ಇರೋದು 1400.

1500 − 20(ಯ − 40) ≤ 1400

ಎರಡೂ ಕಡೆ 1500 ಕಳೆದರೆ −20(ಯ − 40) ≤ −100. ಈಗ −20ರಿಂದ ಭಾಗಿಸಬೇಕು. ಋಣ ಸಂಖ್ಯೆಯಿಂದ ಗುಣಿಸಿದರೆ, ಭಾಗಿಸಿದರೆ ಅಸಮತೆಯ ಗುರುತು ತಿರುಗಬೇಕು ಅಂತ ಎಲ್ಲರೂ ಬಾಯಿಪಾಠ ಮಾಡಿರ್ತೀವಿ. ಯಾಕೆ ಅನ್ನೋದಕ್ಕೆ ನಮ್ಮ ಹಳೆ ಪದವೇ ಸಾಕು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಈ ಸಂಖ್ಯೆಗಳ ನಿಯಮ ಬರೆದಾಗ ಧನ, ಋಣ ಅಂತಲೇ ಕರೆದ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲೂ ಅದೇ ಮಾತು. ನಮ್ಮ 'ಕವಿರಾಜಮಾರ್ಗ'ದ ಕಾಲದ್ದೇ ಆ ಪುಸ್ತಕ. ಋಣ ಅಂದ್ರೆ ಸಾಲ. ನನ್ನ ಹತ್ತಿರ 5 ಡಾಲರ್, ನಿಮ್ಮ ಹತ್ತಿರ 3 ಡಾಲರ್ ಇದ್ದರೆ ನಾನು ಮೇಲು. ಅದೇ ನನಗೆ 5 ಡಾಲರ್ ಸಾಲ, ನಿಮಗೆ 3 ಡಾಲರ್ ಸಾಲ ಇದ್ದರೆ ನೀವು ಮೇಲು. 5 > 3, ಆದರೆ −5 < −3. ಇದ್ದದ್ದೆಲ್ಲ ಸಾಲ ಆದಾಗ ಮೇಲು ಕೆಳಗು ಅದಲು ಬದಲು ಆಗುತ್ತೆ, ಅಷ್ಟೇ.

ಹಾಗಾಗಿ ಯ − 40 ≥ 5, ಅಂದ್ರೆ ಯ ≥ 45. ಗುರುತು ತಿರುಗಿಸೋದು ಮರೆತವರಿಗೆ ಯ ≤ 45 ಬರುತ್ತೆ. ಅವರು 40ನೇ ಬೀದಿಯಲ್ಲಿ ರೂಮ್ ನೋಡೋಕೆ ಹೋಗಿ 1500 ಡಾಲರ್ ಬಾಡಿಗೆ ಕೇಳಿ ವಾಪಸ್ ಬರ್ತಾರೆ.

ದೂರವೂ ಸರಿಹೋಗಬೇಕು, ಬಾಡಿಗೆಯೂ ಸರಿಹೋಗಬೇಕು. 37ರಿಂದ 49ರವರೆಗೆ ಒಂದು ಗೆರೆ ಎಳೆಯಿರಿ, 45ರಿಂದ ಉತ್ತರಕ್ಕೆ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಇರೋ ಜಾಗ ಮಾತ್ರ ಉತ್ತರ:

45 ≤ ಯ ≤ 49

ಇದನ್ನೇ ಹೈಸ್ಕೂಲಿನಲ್ಲಿ ಗಣಗಳ ಛೇದನ ಅಂತ ಓದಿದ್ವಿ.

ಒಂದಾದ್ರೆ ಸಾಕು

ಈಗ ಸ್ಟೇಷನ್ ಹತ್ತಿರ ಗದ್ದಲ ಜಾಸ್ತಿ, 3 ಅಂಕಿಗಿಂತ ದೂರ ಇರಲಿ ಅಂತ ನಿಮ್ಮ ರೂಮ್‌ಮೇಟ್ ಹಟ ಹಿಡಿದ್ರು:

|ಯ − 43| > 3

ಇಲ್ಲಿ ದಕ್ಷಿಣಕ್ಕಾದರೂ ದೂರ ಇರಬಹುದು, ಉತ್ತರಕ್ಕಾದರೂ ದೂರ ಇರಬಹುದು. ಯ < 40 ಅಥವಾ ಯ > 46. ಇದು ಎರಡು ತುಂಡು. 40 > ಯ > 46 ಅಂತ ಒಂದೇ ಸಾಲಲ್ಲಿ ಬರೀಬೇಡಿ. ಹಾಗೆ ಬರೆದರೆ ಯ 40ಕ್ಕಿಂತ ಚಿಕ್ಕದೂ ಹೌದು, 46ಕ್ಕಿಂತ ದೊಡ್ಡದೂ ಹೌದು ಅಂತ ಅರ್ಥ. ಅಂಥ ರೂಮ್ ಸಿಯಾಟಲ್‌ನಲ್ಲಲ್ಲ, ಎಲ್ಲೂ ಇಲ್ಲ.

ನಿಮ್ಮ ದೂರ, ಬಾಡಿಗೆ, ರೂಮ್‌ಮೇಟ್ ಹಟ, ಮೂರೂ ಸೇರಿದರೆ 45 ≤ ಯ ≤ 49 ಇದ್ದದ್ದು 46 < ಯ ≤ 49 ಆಗುತ್ತೆ. 40ಕ್ಕಿಂತ ಕೆಳಗಿನ ತುಂಡು ಬಾಡಿಗೆಯಲ್ಲೇ ಬಿದ್ದುಹೋಯ್ತು.

ನೆನಪಿಡೋಕೆ ಸುಲಭ: ದೂರ ಚಿಕ್ಕದಿರಲಿ ಅಂದ್ರೆ ಎರಡು ಬೇಲಿಯ ಮಧ್ಯೆ, ಎರಡೂ ಬೇಕು. ದೂರ ದೊಡ್ಡದಿರಲಿ ಅಂದ್ರೆ ಬೇಲಿಯ ಆಚೆ ಎಲ್ಲಾದರೂ, ಒಂದಾದ್ರೆ ಸಾಕು.

ಹಾಗಾದ್ರೆ ನಾನೆಲ್ಲಿ ಎಡವಿದೆ?

ನನ್ನ ಮಿಡ್‌ಟರ್ಮ್ ಲೆಕ್ಕಕ್ಕೆ ವಾಪಸ್ ಬರೋಣ. |ಯ − 3| < 2ಯ. ಇಲ್ಲಿ ಬಲಗಡೆಯೂ ಯ ಇದೆ. ದೂರದ ಮಿತಿಯೇ ಯ ಜೊತೆ ಬದಲಾಗ್ತಾ ಇದೆ. ಬೇಲಿ ಎಲ್ಲಿದೆ ಅಂತ ಕಣ್ಣಲ್ಲೇ ಹೇಳೋಕೆ ಆಗಲ್ಲ. ಅದಕ್ಕೇ ಕೇಸ್ ಮಾಡಬೇಕು. ಒಳಗಿನ ಯ − 3 ಸೊನ್ನೆ ಆಗೋ ಜಾಗ 3. ಅಲ್ಲಿ ರೇಖೆಯನ್ನು ಎರಡು ಭಾಗ ಮಾಡ್ತೀವಿ.

ಮೊದಲ ಕೇಸ್, ಯ ≥ 3. ಒಳಗಿರೋದು ಧನ ಅಥವಾ ಸೊನ್ನೆ. ಗೆರೆ ಹಾಗೇ ತೆಗೀಬಹುದು. ಯ − 3 < 2ಯ, ಅಂದ್ರೆ ಯ > −3.

ಎರಡನೇ ಕೇಸ್, ಯ < 3. ಒಳಗಿರೋದು ಋಣ. ಆದ್ದರಿಂದ ದೂರ 3 − ಯ. 3 − ಯ < 2ಯ, ಅಂದ್ರೆ 3 < 3ಯ, ಯ > 1.

ಇಲ್ಲಿಯವರೆಗೆ ನನ್ನ ಪತ್ರಿಕೆಯಲ್ಲಿ ಎಲ್ಲ ಸರಿ ಇತ್ತು. ಆಮೇಲೆ ನಾನು "ಎರಡು ಕೇಸ್ ಇದೆ, ಮಧ್ಯೆ ಅಥವಾ ಹಾಕಬೇಕು" ಅಂದುಕೊಂಡು, ಯ > −3 ಅಥವಾ ಯ > 1, ಒಟ್ಟು ಯ > −3 ಅಂತ ಬರೆದುಬಿಟ್ಟೆ.

"ಅಥವಾ ಹಾಕಿದ್ದು ತಪ್ಪಲ್ಲ ಕಣೋ. ಅದಕ್ಕೆ ಮುಂಚೆ ಮತ್ತು ಹಾಕೋದು ಮರೆತೆ," ಅಂದ್ರು ಅಕ್ಕ.

ಯ > −3 ಅನ್ನೋ ಸಾಲು ನಾನು ಸಂಪಾದಿಸಿದ್ದು ಯ ≥ 3 ಅನ್ನೋ ಷರತ್ತಿನ ಒಳಗೆ. ಆ ಷರತ್ತು ಬಿಟ್ಟು ಆ ಸಾಲಿಗೆ ಬೆಲೆ ಇಲ್ಲ. ಸೊನ್ನೆ ಮೊದಲ ಕೇಸಿಗೆ ಸೇರೋದೇ ಇಲ್ಲ, ಅದಕ್ಕೆ ಮೊದಲ ಕೇಸಿನ ಉತ್ತರ ಅನ್ವಯಿಸೋದು ಹೇಗೆ? ಸರಿಯಾದ ರೀತಿ ಹೀಗೆ:

ಕೇಸ್ ಒಂದು: ಯ ≥ 3 ಮತ್ತು ಯ > −3. ಉಳಿಯೋದು ಯ ≥ 3.
ಕೇಸ್ ಎರಡು: ಯ < 3 ಮತ್ತು ಯ > 1. ಉಳಿಯೋದು 1 < ಯ < 3.
ಒಂದು ಅಥವಾ ಎರಡು: ಯ > 1.

ಕೇಸಿನ ಒಳಗೆ ಷರತ್ತೂ ಬೇಕು, ಉತ್ತರವೂ ಬೇಕು. ಕೇಸು ಕೇಸುಗಳ ಮಧ್ಯೆ ಒಂದಾದ್ರೆ ಸಾಕು. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡೋದಾದರೆ ಇದನ್ನೇ ಇಟ್ಕೊಳ್ಳಿ.

ಕೇಸ್ ಬೇಡ ಅನ್ನೋವರಿಗೆ ಇನ್ನೊಂದು ದಾರಿ ಇದೆ. ದೂರ ಚಿಕ್ಕದಿರಲಿ ಅಂದಾಗ ಎರಡೂ ಬೇಲಿ ಬೇಕು ಅಂದ್ವಲ್ಲ, ಬಲಗಡೆ ಯ ಇದ್ದರೂ ಅದು ನಡೆಯುತ್ತೆ: −2ಯ < ಯ − 3 < 2ಯ. ಎಡಭಾಗದಿಂದ ಯ > 1. ಬಲಭಾಗದಿಂದ ಯ > −3. ಎರಡೂ ಬೇಕು, ಆದ್ದರಿಂದ ಯ > 1. ನೋಡಿ, ಅವೇ ಎರಡು ಸಾಲು. ಇಲ್ಲಿ ಅವುಗಳ ಮಧ್ಯೆ ಇರೋದು ಮತ್ತು. ನಾನು ಒಂದು ದಾರಿಯ ಸಾಲುಗಳಿಗೆ ಇನ್ನೊಂದು ದಾರಿಯ ಪದ ಅಂಟಿಸಿದ್ದೆ.

'ಮತ್ತು' ಮಾಡೋ ಮೋಸ

ಇದು ನನ್ನೊಬ್ಬನ ದಡ್ಡತನ ಅಂದುಕೊಂಡಿದ್ದೆ. ಆಮೇಲೆ ನಮ್ಮ ಸಂಘದ ಹುಡುಗರಿಗೆ ಹೇಳಿಕೊಡೋಕೆ ಕೂತಾಗ ಗೊತ್ತಾಯ್ತು, ತೊಂದರೆ ನಾವು ದಿನಾ ಆಡೋ ಮಾತಲ್ಲೂ ಇದೆ. ಯುಗಾದಿ ಕಾರ್ಯಕ್ರಮಕ್ಕೆ ಎರಡು ಮೆಸೇಜ್ ಹಾಕ್ತೀವಿ ಅಂದುಕೊಳ್ಳಿ.

"ಹಾಡುವವರು ಮತ್ತು ಕುಣಿಯುವವರು ಹೆಸರು ಕೊಡಿ."
"ಕಾರು ಇರುವ ಮತ್ತು ಶನಿವಾರ ಬಿಡುವಾಗಿರುವವರು ಹೆಸರು ಕೊಡಿ."

ಮೊದಲನೆಯದಕ್ಕೆ ಬರೀ ಹಾಡುವವರೂ ಹೆಸರು ಕೊಡ್ತಾರೆ, ಬರೀ ಕುಣಿಯುವವರೂ ಕೊಡ್ತಾರೆ. ಪಟ್ಟಿ ದೊಡ್ಡದಾಗುತ್ತೆ. ಗಣಿತದಲ್ಲಿ ಅದು ಅಥವಾ, ಅಂದ್ರೆ ಸಂಯೋಗ. ಎರಡನೆಯದಕ್ಕೆ ಕಾರು ಇದ್ದು ಶನಿವಾರ ಕೆಲಸ ಇರೋರು ಬರೋ ಹಾಗಿಲ್ಲ. ಪಟ್ಟಿ ಚಿಕ್ಕದಾಗುತ್ತೆ. ಗಣಿತದ ಮತ್ತು ಇದು. ಪದ ಒಂದೇ, ಕೆಲಸ ಎರಡು.

ಅದಕ್ಕೇ ಪ್ರಶ್ನೆಯಲ್ಲಿ ಇರೋ ಪದ ನೋಡಿ ಮೋಸ ಹೋಗಬೇಡಿ. ಒಂದು ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಕೇಳಿ: ಇದು ಒಳಗೆ ಬರೋಕೆ ಎರಡೂ ಬೇಕಾ, ಒಂದಾದ್ರೆ ಸಾಕಾ? ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ಹೇಳೋಕೆ ಪ್ರತ್ಯಯಗಳೇ ಇವೆ. "ದೂರವೂ ಸರಿ ಇರಬೇಕು, ಬಾಡಿಗೆಯೂ ಸರಿ ಇರಬೇಕು" ಅಂದ್ರೆ ಛೇದನ. "ಉತ್ತರಕ್ಕಾದರೂ ಇರಲಿ, ದಕ್ಷಿಣಕ್ಕಾದರೂ ಇರಲಿ" ಅಂದ್ರೆ ಸಂಯೋಗ. ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳ್ಕೊಂಡು ಬರೆಯೋಕೆ ಶುರು ಮಾಡಿದ ಮೇಲೆ ನನಗೆ ಈ ತಪ್ಪು ಆಗಿಲ್ಲ.

ಎರಡು ದೂರ ಸೇರಿದಾಗ

ಕೊನೆಗೆ ಒಂದು ಸ್ವಲ್ಪ ದೊಡ್ಡ ಲೆಕ್ಕ. ನೀವು ದಿನಾ 43ರ ಸ್ಟೇಷನ್ನಿಗೆ ನಡೀತೀರಿ. ನಿಮ್ಮ ರೂಮ್‌ಮೇಟ್‌ಗೆ ದ ಏವ್ ಮೇಲೆ ಶನಿವಾರ ನಡೆಯೋ ರೈತರ ಸಂತೆ ಹತ್ತಿರ ಕೆಲಸ. ಅದು 50ನೇ ಬೀದಿಯಿಂದ ಶುರು. ಇಬ್ಬರ ದೂರ ಸೇರಿ 9 ಅಂಕಿ ದಾಟಬಾರದು:

|ಯ − 43| + |ಯ − 50| ≤ 9

ಒಳಗಿರೋದು ಸೊನ್ನೆ ಆಗೋ ಜಾಗ ಎರಡು, 43 ಮತ್ತು 50. ಆದ್ದರಿಂದ ಮೂರು ಕೇಸ್.

ಯ < 43 ಆದರೆ: (43 − ಯ) + (50 − ಯ) ≤ 9. 93 − 2ಯ ≤ 9, ಯ ≥ 42. ಷರತ್ತಿನ ಜೊತೆ 42 ≤ ಯ < 43.
43 ≤ ಯ ≤ 50 ಆದರೆ: (ಯ − 43) + (50 − ಯ) = 7. ಯ ಮಾಯ ಆಯ್ತು. 7 ≤ 9 ಯಾವಾಗಲೂ ನಿಜ, ಆದ್ದರಿಂದ ಈ ಭಾಗ ಪೂರ್ತಿ ಉತ್ತರ.
ಯ > 50 ಆದರೆ: 2ಯ − 93 ≤ 9, ಯ ≤ 51. ಷರತ್ತಿನ ಜೊತೆ 50 < ಯ ≤ 51.

ಮೂರರಲ್ಲಿ ಒಂದಾದ್ರೆ ಸಾಕು, ಹಾಗಾಗಿ 42 ≤ ಯ ≤ 51. ಯ ಮಾಯ ಆದಾಗ ಗಾಬರಿ ಬೇಡ. ಉಳಿದ ಸಾಲು ನಿಜ ಆದರೆ ಆ ಕೇಸ್ ಪೂರ್ತಿ ಒಳಗೆ, ಸುಳ್ಳಾದರೆ ಪೂರ್ತಿ ಹೊರಗೆ.

ದೂರದ ಕಣ್ಣಲ್ಲಿ ನೋಡಿದರೆ ಇದು ಇನ್ನೂ ಸುಲಭ. ಸ್ಟೇಷನ್ನಿಗೂ ಸಂತೆಗೂ ಮಧ್ಯೆ ಎಲ್ಲಿದ್ದರೂ ಇಬ್ಬರ ದೂರ ಸೇರಿ 7. ಮಿಗೋದು 2. ಆಚೆ ಒಂದು ಹೆಜ್ಜೆ ಹೋದರೆ ಇಬ್ಬರಿಗೂ ಒಂದೊಂದು ಜಾಸ್ತಿ. ಅಲ್ಲಿಗೆ 2 ಖರ್ಚಾಯ್ತು. ಆದ್ದರಿಂದ ಎರಡೂ ತುದಿಯಲ್ಲಿ ಒಂದೊಂದೇ ಅಂಕಿ ಆಚೆ ಹೋಗಬಹುದು. ಮಿತಿ 9ರ ಬದಲು 5 ಅಂದಿದ್ದರೆ? 7ಕ್ಕಿಂತ ಕಡಿಮೆ ಆಗೋಕೇ ಸಾಧ್ಯವಿಲ್ಲ, ಉತ್ತರ ಇಲ್ಲ. "ಉತ್ತರ ಇಲ್ಲ" ಅನ್ನೋದೂ ಪೂರ್ತಿ ಅಂಕದ ಉತ್ತರವೇ. ಇದರ ಮೇಲೆ ಹಳೆಯ ಬಾಡಿಗೆ ಷರತ್ತು ಯ ≥ 45 ಹಾಕಿದರೆ 45 ≤ ಯ ≤ 51.

ಇದೆಲ್ಲ ಮುಂದೆ ಎಲ್ಲಿಗೆ?

ಕ್ಯಾಲ್ಕುಲಸ್‌ಗೆ ಹೋದಾಗ ಲಿಮಿಟ್ ಅನ್ನೋ ಪಾಠದಲ್ಲಿ 0 < |ಯ − ಅ| < ಡೆಲ್ಟಾ ಅನ್ನೋ ಸಾಲು ಬಂದೇ ಬರುತ್ತೆ. ಎಲ್ಲರೂ ಅದಕ್ಕೆ ಹೆದರ್ತಾರೆ. ನಿಮಗೆ ಅದು ಈಗಲೇ ಓದೋಕೆ ಬರುತ್ತೆ: ಯ ಅನ್ನೋದು ಅ ಹತ್ತಿರವೂ ಇರಬೇಕು, ಅ ಮೇಲೆಯೇ ಕೂರಲೂಬಾರದು. ಇಂಜಿನಿಯರಿಂಗ್ ಓದುವವರಿಗೆ ಭಾಗದ ಅಳತೆ ಇಷ್ಟು, ಪ್ಲಸ್ ಆರ್ ಮೈನಸ್ ಇಷ್ಟು ಅಂತ ಡ್ರಾಯಿಂಗ್‌ನಲ್ಲಿ ಬರೆಯೋದೂ ಇದೇ ಮಾಡ್ಯುಲಸ್ ಅಸಮತೆ. ಎವರೆಟ್‌ನಲ್ಲಿ ವಿಮಾನ ಜೋಡಿಸೋರಿಗೂ ಇದರಿಂದ ಬಿಡುಗಡೆ ಇಲ್ಲ.

ಅಭ್ಯಾಸಕ್ಕೆ ಮೂರು ಲೆಕ್ಕ ಕೊಟ್ಟಿದ್ದೀನಿ. ಕೆಳಗಿನ ಉತ್ತರ ನೋಡೋ ಮುಂಚೆ ಮಾಡಿ, ಮತ್ತೆ ಒಂದು ಸಂಖ್ಯೆ ಹಾಕಿ ಪರೀಕ್ಷೆ ಮಾಡಿ.

1. |ಯ + 2| ≤ 5, ಜೊತೆಗೆ 3ಯ − 1 > 2. ಎರಡೂ ಬೇಕು.
2. |2ಯ − 1| ≥ ಯ + 4
3. |ಯ − 4| < 1 − ಯ

ಉತ್ತರ: ಮೊದಲನೆಯದು 1 < ಯ ≤ 3. ಯ + 2 ಅಂದ್ರೆ −2ರಿಂದ ದೂರ ಅನ್ನೋದು ನೆನಪಿರಲಿ. ಎರಡನೆಯದು ಯ ≤ −1 ಅಥವಾ ಯ ≥ 5. ಮೂರನೆಯದಕ್ಕೆ ಉತ್ತರ ಇಲ್ಲ: ಒಂದು ಕೇಸಿನಲ್ಲಿ ಯ ≥ 4 ಮತ್ತು ಯ < 2.5 ಎರಡೂ ಬೇಕು ಅಂತ ಬರುತ್ತೆ, ಇನ್ನೊಂದರಲ್ಲಿ ಯ ಮಾಯ ಆಗಿ 4 < 1 ಉಳಿಯುತ್ತೆ.

ನನ್ನ ಕಥೆಯ ಕೊನೆ ಹೇಳಿಬಿಡ್ತೀನಿ. ಫೈನಲ್‌ನಲ್ಲಿ ಇಂಥದ್ದೇ ಪ್ರಶ್ನೆ ಬಂತು. ಉತ್ತರ ಬರೆದು, ಸೊನ್ನೆ ಹಾಕಿ ನೋಡಿ, ಪುಟ ತಿರುಗಿಸಿದೆ. ಬೇಕಾದ ಗ್ರೇಡ್ ಅಂಚಿನಲ್ಲೇ ಬಂತು, ಆದರೆ ಬಂತು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಮಿಡ್‌ಟರ್ಮ್ ವಿಷಯವನ್ನೂ ಹೇಳಿದೆ. "ಅವತ್ತೇ ನಿನ್ನ ಧ್ವನಿಯಲ್ಲಿ ಗೊತ್ತಾಗಿತ್ತು ಬಿಡು," ಅಂದ್ರು.

ನಿಮ್ಮಲ್ಲಿ ಯಾರಿಗಾದರೂ ಈ ಪಾಠ ಕಷ್ಟ ಆಗ್ತಿದ್ರೆ ಸಂಘದ ಸಭೆಗೆ ಉತ್ತರಪತ್ರಿಕೆ ಹಿಡ್ಕೊಂಡು ಬನ್ನಿ. ಸಂಕೋಚ ಬೇಡ. ಕಾಫಿ ಕುಡೀತಾ ಕೂತು ಬಿಡಿಸೋಣ.